ಅಂಗಡಿ ನನ್ನದು, ಸಹಿ ಅವ್ವನದು

"ನಿಮ್ಮ ಹುಟ್ಟಿದ ದಿನಾಂಕ ಒಮ್ಮೆ ಹೇಳ್ತೀರಾ ಮೇಡಂ?" ಅಂತ ಬೆಂಗಳೂರಿನ ಅಂಗಡಿಯವರು ಫೋನಿನಲ್ಲಿ ಕೇಳಿದಾಗ ನಾನು ಕಿನ್ನಾಳದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಅಲ್ಲಿಯವರೆಗೆ ನನ್ನನ್ನು ಯಾರೂ ಮೇಡಂ ಅಂದಿರಲಿಲ್ಲ. ಆ ಖುಷಿಯಲ್ಲಿ 2008ರ ಮಾರ್ಚ್ ಅಂತ ನಿಜ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಓ, ಹಾಗಾದ್ರೆ ಮನೆಯಲ್ಲಿ ದೊಡ್ಡವರು ಯಾರಾದ್ರೂ ಇದ್ದಾರಾ ಪುಟ್ಟಾ?" ಅಂದರು. ಒಂದೇ ಕ್ಷಣದಲ್ಲಿ ಮೇಡಂ ಹೋಗಿ ಪುಟ್ಟ ಆಗಿಬಿಟ್ಟೆ.

ಇದು ನಡೆದದ್ದು 2025ರ ಮೇ ತಿಂಗಳಲ್ಲಿ. ಈಗ ದೀಪಾವಳಿ ಮುಗಿದಿದೆ. ನಡುವಿನ ಐದಾರು ತಿಂಗಳು ನಾನು, ಅವ್ವ, ಅಜ್ಜ ಮೂವರೂ ಕಾಗದದ ಹಿಂದೆ ಓಡಾಡಿದ್ದೇವೆ. ನನ್ನ ವಯಸ್ಸಿನವರು ಯಾರಾದರೂ ಆನ್‌ಲೈನ್‌ನಲ್ಲಿ ಏನಾದರೂ ಮಾರೋಣ ಅಂದುಕೊಂಡಿದ್ದರೆ ಇದನ್ನು ಓದಿ. ಎರಡು ತಿಂಗಳಾದರೂ ಉಳಿಯುತ್ತದೆ.

ನಮ್ಮದು ಕೊಪ್ಪಳ ತಾಲೂಕಿನ ಕಿನ್ನಾಳ. ಗೊಂಬೆಗೆ ಹೆಸರಾದ ಊರು. ಅಜ್ಜ, ಅಂದರೆ ಅವ್ವನ ಅಪ್ಪ, ಗೊಂಬೆ ಮಾಡುತ್ತಾರೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಕಲಸಿ ಸಂದು ಮುಚ್ಚಿ, ಮೇಲೆ ಬಣ್ಣ. ಕೆತ್ತನೆ ಅಜ್ಜನದು, ಬಣ್ಣ ಅವ್ವನದು. ಕಣ್ಣು ಬರೆಯುವುದು ಮಾತ್ರ ಯಾವಾಗಲೂ ಅವ್ವನೇ. ಅಪ್ಪ ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ನಾನು ಕೊಪ್ಪಳದಲ್ಲಿ ಪಿಯುಸಿ ಕಾಮರ್ಸ್.

ಜನವರಿಯಲ್ಲಿ ಗವಿಮಠದ ಜಾತ್ರೆ ಮುಗಿದ ಮೇಲೆ ನಾನು ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ ತೆರೆದೆ. ಅಲ್ಲಿ ಖಾತೆ ತೆರೆಯಲು 13 ವರ್ಷ ಆಗಿದ್ದರೆ ಸಾಕು, ಆದ್ದರಿಂದ ಅದಕ್ಕೇನೂ ತೊಂದರೆ ಇರಲಿಲ್ಲ. ಅಜ್ಜ ಗರುಡನ ರೆಕ್ಕೆ ಕೆತ್ತುವ ವಿಡಿಯೊ ಹಾಕಿದೆ. ಮೊದಲ ಗರುಡ ಹುಬ್ಬಳ್ಳಿಗೆ 650 ರೂಪಾಯಿಗೆ ಹೋಯಿತು. ಮೇ ತಿಂಗಳ ಹೊತ್ತಿಗೆ 23 ಗೊಂಬೆ ಮಾರಿದ್ದೆ. ದುಡ್ಡು ನನ್ನ ಉಳಿತಾಯ ಖಾತೆಗೆ ಯುಪಿಐನಲ್ಲಿ ಬರುತ್ತಿತ್ತು. ವ್ಯಾಪಾರ ಅಂದರೆ ಇಷ್ಟೇ ಅಂದುಕೊಂಡಿದ್ದೆ.

ಆಗ ಬಂತು ಬೆಂಗಳೂರಿನ ಆರ್ಡರ್. ನವರಾತ್ರಿ ಗೊಂಬೆ ಕೂರಿಸುವವರಿಗಾಗಿ 40 ಗೊಂಬೆ, 32,000 ರೂಪಾಯಿ, ಅರ್ಧ ಮುಂಗಡ. ಜೊತೆಗೆ ನಾಲ್ಕು ಪುಟದ ಕರಾರು ಪತ್ರ. ಅದರಲ್ಲಿ ಪ್ಯಾನ್ ನಂಬರ್, ಜಿಎಸ್‌ಟಿ ನಂಬರ್, ಕರೆಂಟ್ ಅಕೌಂಟ್ (ಬ್ಯಾಂಕಿನಲ್ಲಿ ವ್ಯಾಪಾರಕ್ಕೆ ತೆರೆಯುವ ಖಾತೆ) ವಿವರ ತುಂಬಲು ಖಾಲಿ ಜಾಗಗಳು. ನನ್ನ ಹತ್ತಿರ ಮೂರೂ ಇರಲಿಲ್ಲ. ಅದನ್ನೇ ಕೇಳೋಣ ಅಂತ ಫೋನ್ ಮಾಡಿದಾಗಲೇ ಮೇಲಿನ ಮಾತು ನಡೆದದ್ದು. "ಮೈನರ್ ಜೊತೆ ಅಗ್ರಿಮೆಂಟ್ ಆಗಲ್ಲ ಅಂತ ನಮ್ಮ ವಕೀಲರು ಹೇಳ್ತಿದ್ದಾರೆ. ದೊಡ್ಡವರ ಹೆಸರಲ್ಲಿ ಬನ್ನಿ, ಆಗಸ್ಟ್‌ವರೆಗೆ ಕಾಯ್ತೀವಿ" ಅಂದರು. ಒಳ್ಳೆಯ ಮನುಷ್ಯರು, ಅಲ್ಲೇ ಬೇಡ ಅನ್ನಬಹುದಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮನೆಯಲ್ಲಿ ಹೇಳದೆ, ಗಿರಾಕಿಗಳಿಂದ ಆನ್‌ಲೈನ್‌ನಲ್ಲಿ ದುಡ್ಡು ಪಡೆದುಕೊಡುವ ಒಂದು ಪೇಮೆಂಟ್ ಗೇಟ್‌ವೇಯಲ್ಲಿ ಹುಟ್ಟಿದ ವರ್ಷ 2006 ಅಂತ ಹಾಕಿ ಖಾತೆ ತೆರೆಯಲು ಹೋದೆ. ಮೊದಲ ಎರಡು ಪುಟ ಸಲೀಸಾಗಿ ದಾಟಿದೆ. ಮೂರನೆಯದರಲ್ಲಿ ಆಧಾರ್ ಕೇಳಿತು. ಆಧಾರ್‌ನಲ್ಲಿ ಇರುವುದು 2008. ಅರ್ಜಿ ಬಿದ್ದುಹೋಯಿತು. ಬಿದ್ದದ್ದಷ್ಟೇ ಅಲ್ಲ, ಆ ಇಮೇಲ್, ಆ ಫೋನ್ ನಂಬರ್ ಎರಡನ್ನೂ ಮತ್ತೆ ಅಲ್ಲಿ ಬಳಸಲು ಆಗಲಿಲ್ಲ. ಮುಂದೆ ಅವ್ವನ ಹೆಸರಲ್ಲಿ ಮಾಡಿಸುವಾಗ ಬೇರೆ ಸಿಮ್ ತೆಗೆದುಕೊಳ್ಳಬೇಕಾಯಿತು. ವಯಸ್ಸಿನ ವಿಷಯದಲ್ಲಿ ಸುಳ್ಳು ಹಾಕಬೇಡಿ. ಎಲ್ಲಿಯಾದರೂ ಒಂದು ಕಡೆ ಆಧಾರ್ ಕೇಳಿಯೇ ಕೇಳುತ್ತಾರೆ.

ಆಮೇಲೆ ಬ್ಯಾಂಕು. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಅದನ್ನು ಮೊಬೈಲಿನಲ್ಲಿ ತೋರಿಸಿ ಕರೆಂಟ್ ಅಕೌಂಟ್ ಕೇಳಿದೆ. ಕೌಂಟರಿನಲ್ಲಿದ್ದ ಅಕ್ಕ ನಕ್ಕರು. "ಅದು ಉಳಿತಾಯಕ್ಕವ್ವಾ. ವ್ಯಾಪಾರದ ಖಾತಿಗೆ ಹದಿನೆಂಟು ತುಂಬಬೇಕು." ನಾನು ಓದಿದ ಸುತ್ತೋಲೆಯಲ್ಲೂ ಉಳಿತಾಯ ಖಾತೆ ಅಂತಲೇ ಇತ್ತು. ನಾನು ಬೇಕಾದದ್ದನ್ನಷ್ಟೇ ಓದಿಕೊಂಡಿದ್ದೆ.

ಕೊನೆಗೆ ಅಪ್ಪನಿಗೆ ಹೇಳಿದೆ. ಬೈಗುಳ ಬಿತ್ತು. "ಪಿಯುಸಿ ಮುಗಿಸು ಮೊದ್ಲ, ಆಮ್ಯಾಲ ಶೆಟ್ಟಿ ಆಗುವಂತಿ" ಅಂದರು. ಆದರೆ 32,000 ಅನ್ನುವ ಅಂಕಿ ಅವರನ್ನೂ ಸುಮ್ನೆ ಕೂರಲು ಬಿಡಲಿಲ್ಲ. ವಾರದ ರಜೆಯ ದಿನ ತಮಗೆ ಗೊತ್ತಿದ್ದ ಒಬ್ಬ ಆಡಿಟರ್ ಹತ್ತಿರ ಕರೆದುಕೊಂಡು ಹೋದರು. ಕೊಪ್ಪಳದ ಜವಾಹರ ರಸ್ತೆಯಲ್ಲಿ ಮೊದಲ ಮಹಡಿ, ಕಡಿದಾದ ಮೆಟ್ಟಿಲು, ಕೆಳಗಿನಿಂದ ಮಿರ್ಚಿ ಕರಿಯುವ ವಾಸನೆ.

ಆಡಿಟರ್ ಸರ್ ಮೊದಲು ಹೇಳಿದ್ದು ಕಾನೂನಲ್ಲ, ಕಥೆ. ಕಲ್ಕತ್ತದಲ್ಲಿ ಧರ್ಮದಾಸ ಘೋಷ್ ಅನ್ನುವ ಹುಡುಗ 1895ರಲ್ಲಿ ಇನ್ನೂ ಮೈನರ್ ಇರುವಾಗಲೇ ತನ್ನ ಆಸ್ತಿ ಅಡವಿಟ್ಟು ಸಾಲದ ಪತ್ರ ಬರೆದುಕೊಟ್ಟ. ಪತ್ರದಲ್ಲಿದ್ದ ಮೊತ್ತ 20,000 ರೂಪಾಯಿ. ಆಮೇಲೆ ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1903ರಲ್ಲಿ ತೀರ್ಪು ಬಂತು. ಮೈನರ್ ಮಾಡಿದ ಕರಾರು ಕರಾರೇ ಅಲ್ಲ ಅಂತ. ಸಾಲ ಕೊಟ್ಟವರಿಗೆ ಕೊಟ್ಟ ದುಡ್ಡೂ ವಾಪಸ್ ಬರಲಿಲ್ಲ. "1872ರ ಕರಾರು ಕಾಯ್ದೆ, 11ನೇ ಕಲಂ. ಅದು ನಿನ್ನನ್ನ ಕಾಯಾಕ ಇರೋದು ತಂಗಿ. ಆದ್ರ ನಿನ್ನ ಕೂಡ ವ್ಯವಹಾರ ಮಾಡವ್ರನ್ನ ಯಾರು ಕಾಯಬೇಕು? ಅದಕ್ಕ ಎಲ್ಲಾರೂ ಹಿಂದ ಸರೀತಾರ."

ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಸಣ್ಣವಳು ಅಂತ ದೂಡುತ್ತಿದ್ದಾರೆ ಅನ್ನುವ ಸಿಟ್ಟಿತ್ತು. ಕಥೆ ಕೇಳಿದ ಮೇಲೆ ಬೆಂಗಳೂರಿನವರ ಹೆದರಿಕೆ ಅರ್ಥ ಆಯಿತು. ನಾನು 16,000 ಮುಂಗಡ ತೆಗೆದುಕೊಂಡು ಗೊಂಬೆ ಕಳಿಸದಿದ್ದರೆ ಅವರು ಯಾವ ಕೋರ್ಟಿಗೆ ಹೋಗಬೇಕು?

ದಾರಿ ಎರಡು ಇದ್ದವು. ಮನೆಯ ದೊಡ್ಡವರೊಬ್ಬರ ಹೆಸರಲ್ಲಿ ಏಕವ್ಯಕ್ತಿ ಮಾಲೀಕತ್ವದ ವ್ಯಾಪಾರ. ಇಲ್ಲವೇ ಇಬ್ಬರು ದೊಡ್ಡವರು ಪಾಲುದಾರರಾಗಿ, 1932ರ ಪಾಲುದಾರಿಕೆ ಕಾಯ್ದೆಯ 30ನೇ ಕಲಂ ಪ್ರಕಾರ ನನ್ನನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳುವುದು. ಆಗ ನಾನು ಪಾಲುದಾರಳಲ್ಲ, ಲಾಭದಲ್ಲಿ ಪಾಲು ಅಷ್ಟೇ. ಹದಿನೆಂಟು ತುಂಬಿದ ಮೇಲೆ ಆರು ತಿಂಗಳೊಳಗೆ ಪಾಲುದಾರಳಾಗುತ್ತೇನೋ ಇಲ್ಲವೋ ಅಂತ ಸಾರ್ವಜನಿಕವಾಗಿ ತಿಳಿಸಬೇಕು. 40 ಗೊಂಬೆಗೆ ಇಷ್ಟೆಲ್ಲ ಜಾಸ್ತಿ ಆಯಿತು ಅನ್ನಿಸಿತು. ಮೊದಲನೆಯದೇ ಇರಲಿ ಅಂದೆವು.

ಯಾರ ಹೆಸರು? ಅಜ್ಜನಿಗೆ ಒಟಿಪಿ ಅಂದರೆ ತಲೆನೋವು. ಅಪ್ಪನದು ಸಂಬಳದ ಕೆಲಸ, ಕಾರ್ಖಾನೆಯಲ್ಲಿ ಕೇಳಿದರೆ ಏನು ಹೇಳುವುದು ಅನ್ನುವ ಅಳುಕು. ಉಳಿದದ್ದು ಅವ್ವ. ಅವಳನ್ನು ಯಾರೂ ಕೇಳಿರಲೇ ಇಲ್ಲ. ಸಂಜೆ ಮನೆಗೆ ಬಂದು ಹೇಳಿದಾಗ, "ನನ್ನ ಹೆಸರಿಲೆ? ನನಗೇನ್ ತಿಳೀತೈತಿ?" ಅಂದಳು. ಕೈಯಲ್ಲಿ ಕುಂಚ ಇತ್ತು. ನಂದಿಯ ಕಣ್ಣು ಬರೆಯುತ್ತಿದ್ದಳು.

ಜೂನ್ ತಿಂಗಳು ಪೂರ್ತಿ ಪ್ಯಾನ್ ಕಾರ್ಡಿಗೆ ಹೋಯಿತು. ಅವ್ವನ ಪ್ಯಾನ್ ಯಾವುದೋ ಸಾಲಕ್ಕೆ ಅಂತ ಮಾಡಿಸಿದ್ದು, ಪೆಟ್ಟಿಗೆ ತಳದಲ್ಲಿತ್ತು. ಆಧಾರ್‌ಗೆ ಜೋಡಿಸಿರಲಿಲ್ಲ. 2023ರ ಜೂನ್ 30ರ ಗಡುವು ದಾಟಿದ್ದರಿಂದ ಅದು ನಿಷ್ಕ್ರಿಯ ಆಗಿತ್ತು. ಜೋಡಿಸಲು 1,000 ರೂಪಾಯಿ ಕಟ್ಟಬೇಕು. ಕಟ್ಟಿದೆವು. ಆಮೇಲೆ ನೋಡಿದರೆ ಪ್ಯಾನ್‌ನಲ್ಲಿ ಹುಟ್ಟಿದ ವರ್ಷ ಬೇರೆ, ಆಧಾರ್‌ನಲ್ಲಿ ಬೇರೆ. ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಜೋಡಿಸಿ, ಆಮೇಲೆ ಅದು ಮತ್ತೆ ಜೀವ ಪಡೆಯುವವರೆಗೆ ಕಾದೆವು. ನೀವು ಶುರು ಮಾಡುವ ಮೊದಲು ಯಾರ ಹೆಸರಲ್ಲಿ ಮಾಡುತ್ತೀರೋ ಅವರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ ಅದನ್ನೂ ನೋಡಿ. ನಾವು ಇದನ್ನು ಮೊದಲ ದಿನವೇ ಮಾಡಿದ್ದರೆ ಜೂನ್ ಉಳಿಯುತ್ತಿತ್ತು.

ಅಂದಹಾಗೆ ಮೈನರ್‌ಗೂ ಪ್ಯಾನ್ ಸಿಗುತ್ತದೆ. ಅಪ್ಪ ಅಥವಾ ಅವ್ವ ಅರ್ಜಿ ಹಾಕಬೇಕು. ಕಾರ್ಡಿನಲ್ಲಿ ನಮ್ಮ ಫೋಟೊ, ಸಹಿ ಇರುವುದಿಲ್ಲ. ಹದಿನೆಂಟಾದ ಮೇಲೆ ಮತ್ತೆ ಮಾಡಿಸಿಕೊಳ್ಳಬೇಕು. ನನಗೆ ಸದ್ಯ ಬೇಡ ಅಂದರು ಸರ್. ತೆರಿಗೆಯ ಲೆಕ್ಕವನ್ನೂ ಆಗಲೇ ಹೇಳಿದರು. ಮೈನರ್ ಮಕ್ಕಳ ಆದಾಯ ಅಪ್ಪ-ಅವ್ವನಲ್ಲಿ ಯಾರದು ಜಾಸ್ತಿಯೋ ಅವರ ಲೆಕ್ಕಕ್ಕೆ ಸೇರುತ್ತದೆ. ಆದರೆ ಮಗು ತನ್ನ ಸ್ವಂತ ದುಡಿಮೆ, ಕೌಶಲದಿಂದ ಗಳಿಸಿದ್ದು ಮಗುವಿನದೇ. ಮೊದಲ 23 ಗೊಂಬೆಯ ದುಡ್ಡು ಇದರಲ್ಲಿ ಯಾವ ಕಡೆ ಅಂತ ಕೇಳಿದೆ. "ಕೆತ್ತಿದಾವ್ರು ಯಾರು?" ಅಂದರು. ಸುಮ್ಮನಾದೆ. ಮರುದಿನವೇ ಅಜ್ಜನಿಗೆ ಅವರ ಪಾಲು ಕೊಟ್ಟೆ. ಅಜ್ಜ ಅದರಲ್ಲಿ ನೂರು ರೂಪಾಯಿ ಎಣಿಸಿ ನನಗೇ ವಾಪಸ್ ಕೊಟ್ಟು, "ಫೋಟೊ ತಗದಿದ್ದಕ್ಕ" ಅಂದರು.

ಜುಲೈ ಮೊದಲ ವಾರ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ನೋಂದಣಿ. ಇಲ್ಲಿ ನಮ್ಮ ದುಡ್ಡು ಹೋಯಿತು. ಹುಡುಕಿದಾಗ ಮೊದಲು ಸಿಕ್ಕ ವೆಬ್‌ಸೈಟಿನಲ್ಲಿ ಅಶೋಕ ಚಕ್ರ, ತ್ರಿವರ್ಣ ಎಲ್ಲ ಇತ್ತು. ಫಾರಂ ತುಂಬಿ 1,499 ರೂಪಾಯಿ ಕಟ್ಟಿದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ಇನ್ನೂ 2,000 ಕಟ್ಟಿದರೆ ಬೇಗ ಆಗುತ್ತದೆ ಅಂದರು. ಅನುಮಾನ ಬಂದು ಆಡಿಟರ್‌ಗೆ ಕೇಳಿದರೆ ಅವರು ಹಣೆ ಬಡಿದುಕೊಂಡರು. ಸರ್ಕಾರದ ಉದ್ಯಮ್ ತಾಣದಲ್ಲಿ ಅದು ಪೂರ್ತಿ ಉಚಿತ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ನೋಡಿಕೊಳ್ಳಿ, ಅಷ್ಟೇ. ಅವರ ಕಚೇರಿಯಲ್ಲೇ ಅವ್ವನ ಆಧಾರ್ ಹಾಕಿ, ಒಟಿಪಿ ಒತ್ತಿ, ಚಹಾ ಆರುವಷ್ಟರಲ್ಲಿ ಮುಗಿಯಿತು. ಪ್ರಿಂಟ್ ತೆಗೆದ ಪ್ರಮಾಣಪತ್ರದಲ್ಲಿ ತನ್ನ ಹೆಸರು ನೋಡಿ ಅವ್ವ ಏನೂ ಅನ್ನಲಿಲ್ಲ. ಮಡಚಬೇಡ ಅಂದಳು, ಅಷ್ಟೇ. ಬಸ್ಸಿನಲ್ಲಿ ಪೂರ್ತಿ ದಾರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಬಸ್ಸಿನ ಖರ್ಚು ಮಾತ್ರ ಸೊನ್ನೆ. ಶಕ್ತಿ ಯೋಜನೆ ಇಲ್ಲದಿದ್ದರೆ ಅವ್ವ ಅಷ್ಟು ಸಲ ಕೊಪ್ಪಳಕ್ಕೆ ಬರುತ್ತಿದ್ದಳೋ ಇಲ್ಲವೋ.

ಜಿಎಸ್‌ಟಿ ಬೇಕಾ ಬೇಡವಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ನನಗೆ ತಿಳಿದಂತೆ ಹೇಳುತ್ತೇನೆ. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಕಡ್ಡಾಯವಲ್ಲ. ದೊಡ್ಡ ಆನ್‌ಲೈನ್ ಮಾರಾಟ ತಾಣಗಳ ಮೂಲಕ ಮಾರಿದರೂ, ರಾಜ್ಯದೊಳಗೆ ಮಾತ್ರವಾದರೆ, 2023ರ ಅಕ್ಟೋಬರ್‌ನಿಂದ ಸಣ್ಣವರಿಗೆ ವಿನಾಯಿತಿ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು. ಸರಕು ರಾಜ್ಯದ ಗಡಿ ದಾಟಿತೋ, ಸಾಮಾನ್ಯವಾಗಿ ನೋಂದಣಿ ಬೇಕೇ ಬೇಕು. ಕರಕುಶಲ ವಸ್ತುಗಳಿಗೆ ಇಲ್ಲೂ ಒಂದು ರಿಯಾಯಿತಿ ಇದೆ. ಆ ಪಟ್ಟಿಯಲ್ಲಿ ಗೊಂಬೆ, ಆಟಿಕೆಗಳೂ ಇವೆ. 20 ಲಕ್ಷದವರೆಗೆ ನೋಂದಣಿ ಇಲ್ಲದೆ ನೇರವಾಗಿ ಬೇರೆ ರಾಜ್ಯಕ್ಕೆ ಕಳಿಸಬಹುದು. ಆದರೆ ಒಂದು ಕೊಕ್ಕೆ. ಹಾಗೆ ಕಳಿಸುವಾಗ ಬೆಲೆ ಎಷ್ಟೇ ಇರಲಿ, ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ, ಮಾಡಬೇಕು.

"ಆರ್ನೂರು ರೂಪಾಯಿ ಗೊಂಬಿಗೂ?" ಅಂದಳು ಅವ್ವ.

"ಆರು ರೂಪಾಯಿದಕ್ಕೂ" ಅಂದರು ಸರ್.

ನಮಗೆ ಹೈದರಾಬಾದಿನಿಂದ ಜಾಸ್ತಿ ವಿಚಾರಣೆ ಬರುತ್ತಿತ್ತು. ಮಾರಾಟ ತಾಣದ ಮೂಲಕ ಹೊರರಾಜ್ಯಕ್ಕೂ ಮಾರುವ ಆಸೆ ಇತ್ತು. ಆದ್ದರಿಂದ ನೋಂದಣಿಯೇ ಇರಲಿ ಅಂತ ತೀರ್ಮಾನಿಸಿದೆವು. ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. ಸರ್ 1,500 ತೆಗೆದುಕೊಂಡರು. ಅವ್ವನ ಆಧಾರ್ ದೃಢೀಕರಣ ಆಯಿತು, ಎಆರ್‌ಎನ್ ನಂಬರ್ (ಅರ್ಜಿಯ ಸಂಖ್ಯೆ) ಬಂತು. ಏಳು ಕೆಲಸದ ದಿನ ಅಂದಿದ್ದರು. ಆರನೇ ದಿನ ನೋಟಿಸ್ ಬಂತು.

ನೋಟಿಸ್ ಅಂದ ಕೂಡಲೇ ಮನೆಯಲ್ಲಿ ಅಳು. ಅಪ್ಪನ ಮುಖ ಸಣ್ಣದಾಯಿತು. ನೋಡಿದರೆ ಅದು ಬರೀ ವಿವರಣೆ ಕೇಳುವ ಪತ್ರ. ವ್ಯಾಪಾರದ ಜಾಗಕ್ಕೆ ಕೊಟ್ಟ ಕರೆಂಟ್ ಬಿಲ್ಲಿನ ಹೆಸರಿಗೂ, ಒಪ್ಪಿಗೆ ಪತ್ರ ಕೊಟ್ಟವರ ಹೆಸರಿಗೂ ತಾಳೆ ಇಲ್ಲ ಅಂತ. ನಿಜ. ಮನೆ ಅಜ್ಜನ ಹೆಸರಲ್ಲಿದೆ, ಮೀಟರ್ ಇನ್ನೂ ಮುತ್ತಜ್ಜನ ಹೆಸರಲ್ಲಿದೆ. ಮುತ್ತಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಪ್ರತಿ ತಿಂಗಳು ಅವರ ಹೆಸರಿಗೇ ಬಿಲ್ ಬರುತ್ತದೆ, ನಾವೇ ಕಟ್ಟುತ್ತೇವೆ, ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಉತ್ತರ ಕೊಡಲು ಏಳು ಕೆಲಸದ ದಿನ ಇರುತ್ತದೆ. ಪಂಚಾಯಿತಿಯಿಂದ ನಮೂನೆ 9 (ಮನೆಯ ಆಸ್ತಿ ದಾಖಲೆ), ಆ ವರ್ಷದ ಮನೆ ತೆರಿಗೆ ರಸೀದಿ, ಮುತ್ತಜ್ಜನ ಮರಣ ಪತ್ರ, ಅಜ್ಜನ ಒಪ್ಪಿಗೆ ಪತ್ರ ಎಲ್ಲ ಜೋಡಿಸಿ ಐದನೇ ದಿನ ಕಳಿಸಿದೆವು. ಮರಣ ಪತ್ರ ಹುಡುಕಲು ಎರಡು ದಿನ ಹಿಡಿಯಿತು. ಕೊನೆಗೆ ದೇವರ ಪಟದ ಹಿಂದೆ ಸಿಕ್ಕಿತು.

ಆಗಸ್ಟ್ ಮೊದಲ ವಾರ ನಂಬರ್ ಬಂತು. 15 ಅಂಕಿ-ಅಕ್ಷರ. ಮೊದಲಿನ 29 ಕರ್ನಾಟಕದ್ದು, ಆಮೇಲಿನ ಹತ್ತು ಅವ್ವನ ಪ್ಯಾನ್. ಈಗ ಅರ್ಜಿ ಹಾಕುವವರಿಗೆ ಇಷ್ಟು ಕಾಯುವ ಕೆಲಸ ಇರಲಿಕ್ಕಿಲ್ಲ. 2025ರ ನವೆಂಬರ್ 1ರಿಂದ ಸಣ್ಣವರಿಗೆ ಮೂರು ಕೆಲಸದ ದಿನದಲ್ಲಿ ಕೊಡುವ ವ್ಯವಸ್ಥೆ ಬಂದಿದೆ. ನಮ್ಮ ಹಣೆಬರಹ, ಮೂರು ತಿಂಗಳು ಮೊದಲೇ ಹೋದೆವು. ನೆನಪಿಡಿ, ನಂಬರ್ ಬಂದ ಮೇಲೆ ಒಂದು ಗೊಂಬೆಯೂ ಮಾರದಿದ್ದರೂ ರಿಟರ್ನ್, ಅಂದರೆ ವಹಿವಾಟಿನ ಲೆಕ್ಕ, ಹಾಕಬೇಕು. ಸೊನ್ನೆ ವಹಿವಾಟಿನ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ. ನಾವು ಮೂರು ತಿಂಗಳಿಗೊಮ್ಮೆ ಹಾಕುವ ಪದ್ಧತಿ ಆರಿಸಿಕೊಂಡೆವು.

ಉದ್ಯಮ್, ಜಿಎಸ್‌ಟಿ ಎರಡೂ ಕಾಗದ ಇದ್ದದ್ದರಿಂದ ಕರೆಂಟ್ ಅಕೌಂಟ್ ನಾಲ್ಕೇ ದಿನದಲ್ಲಿ ಆಯಿತು. 10,000 ಇಡಬೇಕಿತ್ತು. ಅಪ್ಪ ಕೊಟ್ಟರು, ಸಾಲ ಅಂತ ಬರೆಸಿಕೊಂಡೇ ಕೊಟ್ಟರು. ಅವ್ವ ಬೆಂಗಳೂರಿನ ಕರಾರಿಗೆ ಸಹಿ ಹಾಕಿದಳು. ನಾಲ್ಕು ಪುಟಕ್ಕೆ ನಾಲ್ಕು ಸಹಿ. ಪ್ರತಿ ಸಹಿಗೂ ಮೊದಲು ಆ ಪುಟ ಓದಿ ಕನ್ನಡದಲ್ಲಿ ಹೇಳು ಅಂದಳು. ಹೇಳುತ್ತಾ ಹೋದಾಗ ಮೂರನೇ ಪುಟದಲ್ಲಿ ದಾರಿಯಲ್ಲಿ ಒಡೆದರೆ ನಷ್ಟ ಪೂರ್ತಿ ನಮ್ಮದೇ ಅಂತ ಇರುವುದು ಗೊತ್ತಾಯಿತು. ಮೇ ತಿಂಗಳಲ್ಲಿ ನಾನು ಓದದೇ ಸಹಿ ಹಾಕಲು ತಯಾರಿದ್ದ ಪುಟ ಅದು. ಫೋನ್ ಮಾಡಿ ಕೇಳಿದೆವು, ಅರ್ಧ ಅರ್ಧ ಅಂತ ತಿದ್ದಿದರು.

ಗೊಂಬೆಗಳು ಸೆಪ್ಟೆಂಬರ್ 12ಕ್ಕೆ ಹೊರಟವು. ಬಿಲ್ 32,000, ಅದಕ್ಕೆ ಶೇಕಡ 12ರಂತೆ ತೆರಿಗೆ 3,840. ಸೆಪ್ಟೆಂಬರ್ 22ರಿಂದ ಆ ತೆರಿಗೆ ಶೇಕಡ 5ಕ್ಕೆ ಇಳಿಯಿತು. ಆಗಿದ್ದರೆ 1,600. ಹತ್ತು ದಿನ ತಡೆಯಬಹುದಿತ್ತಲ್ಲ ಅಂತ ಅಜ್ಜ ಇವತ್ತಿಗೂ ಅನ್ನುತ್ತಾರೆ. ಆದರೆ ನವರಾತ್ರಿ ಶುರುವಾದದ್ದೂ ಅದೇ 22ಕ್ಕೆ. ಪೂಜೆಯ ದಿನ ಗೊಂಬೆ ಕಳಿಸಿ ಏನು ಮಾಡುವುದು?

ಪೊಟ್ಟಣದ ಮೇಲಿನ ಚೀಟಿಯದೂ ಒಂದು ಕಥೆ. ಮೊದಲೇ ಕಟ್ಟಿಟ್ಟು ಮಾರುವ ಸರಕಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ, ವಸ್ತು ಏನು, ಎಷ್ಟು, ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಬೆಲೆ, ದೂರು ಹೇಳಲು ಫೋನ್, ಇಮೇಲ್ ಇರಬೇಕು. ನಾನು ನನ್ನ ನಂಬರ್ ಹಾಕಿದ್ದೆ. ರಾತ್ರಿ ಹನ್ನೊಂದಕ್ಕೆ ಗೊಂಬೆಗೆ ಸಂಬಂಧವೇ ಇಲ್ಲದ ಕರೆಗಳು ಬರತೊಡಗಿದವು. ಹೆಣ್ಣುಮಕ್ಕಳು ಇದನ್ನು ಗಮನಿಸಿ. ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ, ಅದು ದೊಡ್ಡವರ ಕೈಯಲ್ಲಿರಲಿ. ಈಗ ಆ ಫೋನ್ ಅಪ್ಪನ ಹತ್ತಿರ ಇದೆ. ಅವರ "ಹಲೋ, ಯಾರ್ರಿ?" ಕೇಳಿದರೆ ಅರ್ಧ ಜನ ತಾವೇ ಇಟ್ಟುಬಿಡುತ್ತಾರೆ.

ಪೊಟ್ಟಣ ಕಟ್ಟಲು ಮಾವನ ಮಗ ಬರುತ್ತಾನೆ. ಅವನಿಗೆ 13. ಅವನನ್ನು ಕೂರಿಸಿಕೊಳ್ಳಬಹುದಾ ಅಂತಲೂ ಕೇಳಿದೆವು. 14 ತುಂಬದ ಮಕ್ಕಳನ್ನು ಕೆಲಸಕ್ಕಿಡುವಂತಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರ ವ್ಯಾಪಾರಕ್ಕೆ ಕೈಜೋಡಿಸಬಹುದು, ಅಪಾಯದ ಕೆಲಸ ಆಗಿರಬಾರದು. ಸೋದರತ್ತೆಯೂ ಆ 'ಮನೆಯವರ' ಲೆಕ್ಕದಲ್ಲಿ ಬರುತ್ತಾಳೆ. ಅವ್ವ ಅವನಿಗೆ ಸೋದರತ್ತೆ, ಆದ್ದರಿಂದ ಸರಿ. ಅವನ ಗೆಳೆಯರು ಇಬ್ಬರು ಬರುತ್ತಿದ್ದರು. ಅವರನ್ನು ಮಂಡಕ್ಕಿ ಕೊಟ್ಟು ಆಡಲು ಕಳಿಸಿದೆವು.

ಇನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು. ಆಗಸ್ಟ್ ಕೊನೆಯಲ್ಲಿ ಒಂದು ದೊಡ್ಡ ಮಾರಾಟ ತಾಣದಲ್ಲಿ ಅವ್ವನ ಹೆಸರಲ್ಲಿ ಅಂಗಡಿ ತೆರೆದು, ಆಟಿಕೆ ವಿಭಾಗದಲ್ಲಿ ಗೊಂಬೆಗಳನ್ನು ಹಾಕಿದೆ. ಮರುದಿನ ಎಲ್ಲವೂ ತಿರಸ್ಕಾರ. ಬಿಐಎಸ್ (ಸರಕಿನ ಗುಣಮಟ್ಟ ನೋಡುವ ಭಾರತೀಯ ಮಾನಕ ಬ್ಯೂರೊ) ಪರವಾನಗಿ ಕೊಡಿ ಅಂತ. ಹುಡುಕಿದಾಗ ಗೊತ್ತಾಯಿತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನಮ್ಮ ಮನೆಯ ಪಡಸಾಲೆಯಲ್ಲಿ ಗೊಂಬೆ ಪರೀಕ್ಷಿಸುವ ಪ್ರಯೋಗಾಲಯ ಎಲ್ಲಿಂದ ತರುವುದು? ಇನ್ನಷ್ಟು ಹುಡುಕಿದಾಗ ಒಂದು ಬೆಳಕು ಕಂಡಿತು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಜಿಐ ಗುರುತು, ಅಂದರೆ ಇಂಥ ಊರಿನದೇ ಕಸುಬು ಅನ್ನುವ ಭೌಗೋಳಿಕ ಗುರುತು, ಪಡೆದ ಆಟಿಕೆಗಳಿಗೂ ಇದೆ, ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ. ಕಿನ್ನಾಳ ಗೊಂಬೆಗೆ ಜಿಐ ಇದೆ. ಊರಿಗೆ ಇದೆ ಅಂದ ಮಾತ್ರಕ್ಕೆ ಮನೆ ಮನೆಗೂ ತಾನಾಗಿಯೇ ಬರುವುದಿಲ್ಲ.

ಅಜ್ಜನ ಹತ್ತಿರ ಕುಶಲಕರ್ಮಿ ಕಾರ್ಡ್ ಇತ್ತು. ಪೆಹಚಾನ್ ಕಾರ್ಡ್ ಅಂತಾರೆ. ಖುಷಿಯಿಂದ ಕಳಿಸಿದೆ. ಮತ್ತೆ ತಿರಸ್ಕಾರ. ಕಾರಣ ಒಂದೇ ಸಾಲು: ಕಾರ್ಡಿನ ಹೆಸರು ಮತ್ತು ಮಾರಾಟಗಾರರ ಹೆಸರು ಬೇರೆ ಬೇರೆ. ಆ ಸಂಜೆ ನಿಜವಾಗಿ ಅತ್ತೆ. ಮೂರು ತಿಂಗಳು ಪಟ್ಟ ಪಾಡೆಲ್ಲ ಅವ್ವನ ಹೆಸರಲ್ಲಿ, ಬೇಕಾದ ಕಾರ್ಡ್ ಅಜ್ಜನ ಹೆಸರಲ್ಲಿ. ಮತ್ತೆ ಮೊದಲಿಂದ ಅಜ್ಜನ ಪ್ಯಾನ್, ಅಜ್ಜನ ಒಟಿಪಿ! ಅಲಂಕಾರದ ವಸ್ತು ಅಂತ ಬೇರೆ ವಿಭಾಗದಲ್ಲಿ ಹಾಕಿಬಿಡೋಣ ಅಂದೆ. ದೊಡ್ಡ ಗರುಡ, ದೇವರುಗಳಿಗೆ ಅದು ಸರಿ, ಮಕ್ಕಳು ಆಡುವ ಹಣ್ಣು-ಕಾಯಿ ಗೊಂಬೆಗೆ ಹಾಗೆ ಸುಳ್ಳು ಹಾಕಬೇಡ ಅಂದರು ಆಡಿಟರ್.

ಅಜ್ಜನೇ ದಾರಿ ಹೇಳಿದರು. ಎಲೆ ಅಡಿಕೆ ಜಗಿಯುತ್ತಾ, "ನಿಮ್ಮವ್ವ ಏನ್ ಗೊಂಬಿ ಮಾಡೂದಿಲ್ಲೇನು? ಆಕಿಗ್ಯಾಕ ಕಾರ್ಡ್ ಇಲ್ಲ?" ಅಂದರು.

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎಂಟನೇ ವಯಸ್ಸಿನಿಂದ ಬಣ್ಣ ಹಚ್ಚುತ್ತಿದ್ದಾಳೆ. ಕಾರ್ಡಿಗೆ ಅರ್ಜಿ ಹಾಕುವಾಗೆಲ್ಲ ಮನೆಗೊಂದು ಸಾಕು ಅಂತ ಅಜ್ಜನದಷ್ಟೇ ಹಾಕಿದ್ದರಂತೆ. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ನನ್ನ ಶಾಲೆಯ ಅರ್ಜಿಯಲ್ಲಿ ಎಲ್ಲ ಕಡೆ ಅವ್ವನ ಉದ್ಯೋಗದ ಮುಂದೆ 'ಮನೆಗೆಲಸ'. ಶಾಲೆಯದನ್ನು ತುಂಬಿದವಳು ನಾನೇ.

ಅರ್ಜಿ ಹಾಕಿದೆವು. ಆಧಾರ್, ಫೋಟೊ, ಬ್ಯಾಂಕ್ ವಿವರ, ಮಾಡುವ ಕಸುಬು. ಯಾರೂ ಶುಲ್ಕ ಕೇಳಲಿಲ್ಲ. ಸೆಪ್ಟೆಂಬರ್ ಕೊನೆಗೆ ಪರಿಶೀಲನೆಗೆ ಬಂದರು. ಮುಂದೆ ಕೂತು ಮಾಡಿ ತೋರಿಸಬೇಕು ಅಂದರು. ಅವ್ವ ಸೆರಗು ಸಿಕ್ಕಿಸಿ ಕೂತು ಒಂದು ಗಿಣಿಗೆ ಹಸಿರು ಹಚ್ಚಿದಳು, ಕೊಕ್ಕಿಗೆ ಕೆಂಪು, ಕೊನೆಗೆ ಕಣ್ಣು. ಒಂದೇ ಎಳೆತಕ್ಕೆ ಎರಡೂ ಕಣ್ಣು. ಬಂದವರು ಬರೆಯುವುದು ನಿಲ್ಲಿಸಿ ನೋಡುತ್ತಿದ್ದರು. "ಎಷ್ಟ್ ವರ್ಷ ಆತ್ರಿ ಅಮ್ಮಾ ಈ ಕೆಲಸ?" ಅಂತ ಕೇಳಿದರು. ಅವ್ವ ನನ್ನ ಮುಖ ನೋಡಿದಳು, ನಾನು ಹೇಳುತ್ತೇನೆ ಅಂತ. ನಾನು ಹೇಳಲಿಲ್ಲ. ಆಮೇಲೆ ಅವಳೇ ಹೇಳಿದಳು, "ಮೂವತ್ತು ಆತ್ರಿ."

ಕಾರ್ಡ್ ಅಕ್ಟೋಬರ್ ಕೊನೆಗೆ ಕೈಗೆ ಬಂತು. ನವರಾತ್ರಿಯೂ ಹೋಗಿತ್ತು, ದೀಪಾವಳಿಯೂ ಹೋಗಿತ್ತು, ಮಾರಾಟದ ಕಾಲ ಮುಗಿದಿತ್ತು. ತಾಣಕ್ಕೆ ಕಳಿಸಿದ ಮೂರನೇ ದಿನ ಗೊಂಬೆಗಳು ಕಾಣಿಸಿಕೊಂಡವು. ಮೊದಲ ಆರ್ಡರ್ ಗಿಣಿ, ಹೈದರಾಬಾದಿಗೆ. ಇಲ್ಲಿಯವರೆಗೆ ಒಟ್ಟು ಖರ್ಚು, ಬ್ಯಾಂಕಿನಲ್ಲಿಟ್ಟ 10,000 ಬಿಟ್ಟು, ಸುಮಾರು 5,200. ಅದರಲ್ಲಿ 1,499 ನನ್ನ ಬೆಪ್ಪುತನದ್ದು. ಝೆರಾಕ್ಸ್ ಅಂಗಡಿಯವನಿಗೆ ನಾವು ಕೊಟ್ಟ ದುಡ್ಡಿನ ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ಎದೆ ಒಡೆಯುತ್ತಿತ್ತು.

ಮೊನ್ನೆ ರಿಟರ್ನ್ ಕಾಗದ ಕೊಡಲು ಹೋದಾಗ ಆಡಿಟರ್ ಸರ್ ಕ್ಯಾಲೆಂಡರ್ ನೋಡಿ, "ಬರೋ ಮಾರ್ಚಿಗೆ ನಿನಗ ಹದಿನೆಂಟು ಅಲ್ಲೇನು? ಜಿಎಸ್‌ಟಿ ಪ್ಯಾನ್ ಮ್ಯಾಲ ಇರ್ತೈತಿ, ಹಂಗ ಹೆಸರು ಬದಲಿ ಮಾಡಾಕ ಬರೂದಿಲ್ಲ. ನಿನ್ನ ಹೆಸರಿಗೆ ಹೊಸಾದು ತಗದು, ಇದನ್ನ ಮುಚ್ಚಬೇಕು. ಏನ್ ಮಾಡೂನು?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಚೀಲದಿಂದ ರಸೀದಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ಆಕಿ ಬೇಕಾದ್ರ ಬ್ಯಾರೆ ತಗೀಲಿ ಬಿಡ್ರಿ. ಇದನ್ನ್ಯಾಕ ಮುಚ್ಚೂದು? ಇದು ನಂದು."